ಕಪ್ಪು ಅಂಗಿ, ಬಿಳಿ ನಕ್ಷತ್ರ: ಕಸಾಲೆಯ ಮೈದಾನದಲ್ಲಿ ಒಂದು ಭಾನುವಾರ



ಇಟಲಿಯಲ್ಲಿ ಓದ್ತಾ ಇದ್ದೀನಿ ಅಂದ ತಕ್ಷಣ ಊರಲ್ಲಿ ಎಲ್ಲರೂ ಕೇಳೋದು ಎರಡೇ ಪ್ರಶ್ನೆ. ಊಟಕ್ಕೆ ಏನ್ ಮಾಡ್ಕೊಳ್ತೀಯ? ಫುಟ್‌ಬಾಲ್ ಮ್ಯಾಚ್ ನೋಡಿದ್ಯಾ? ಮೊದಲನೆಯದಕ್ಕೆ ನನ್ನ ಹತ್ತಿರ ಉತ್ತರ ಇತ್ತು: ಕುಕ್ಕರ್. ಎರಡನೆಯದಕ್ಕೆ ಒಂದೂವರೆ ವರ್ಷ ಉತ್ತರವೇ ಇರಲಿಲ್ಲ. ಟ್ಯೂರಿನ್‌ನಲ್ಲಿ ಇದ್ದುಕೊಂಡು ಯುವೆಂಟಸ್ ಮ್ಯಾಚ್ ನೋಡಿಲ್ಲ ಅಂದರೆ ಮೈಸೂರಲ್ಲಿದ್ದು ಅರಮನೆ ನೋಡಿಲ್ಲ ಅಂದ ಹಾಗೆ. ಆದರೆ ಏನ್ ಮಾಡೋದು, ಟಿಕೆಟ್ ದರ ನೋಡಿದಾಗಲೆಲ್ಲ ಅದೇ ದುಡ್ಡಿಗೆ ಎಷ್ಟು ಕೆಜಿ ಸೋನಾ ಮಸೂರಿ ಬರುತ್ತೆ ಅಂತ ಲೆಕ್ಕ ಹಾಕಿ ಸುಮ್ಮನಾಗಿಬಿಡ್ತಿದ್ದೆ.

ಈ ವರ್ಷ ಮಾರ್ಚ್‌ನಲ್ಲಿ ಕೊನೆಗೂ ಒಂದು ಮ್ಯಾಚ್ ನೋಡಿದೆ. ಯುವೆಂಟಸ್‌ದಲ್ಲ. ಟ್ಯೂರಿನ್‌ನಿಂದ ಪೂರ್ವಕ್ಕೆ ಸುಮಾರು 70 ಕಿಲೋಮೀಟರ್ ದೂರದಲ್ಲಿ ಪೊ ನದಿಯ ದಡದಲ್ಲಿರುವ ಕಸಾಲೆ ಮೊನ್ಫೆರಾತೊ ಅನ್ನೋ ಊರಿನ ತಂಡದ್ದು. ಇವತ್ತು ಇದು ಹವ್ಯಾಸಿ ಲೀಗುಗಳಲ್ಲಿ ಆಡುವ ಸಣ್ಣ ಕ್ಲಬ್. ಆದರೆ 1914ರಲ್ಲಿ ಇದೇ ತಂಡ ಇಡೀ ಇಟಲಿಯ ಚಾಂಪಿಯನ್ ಆಗಿತ್ತು. ಅದನ್ನು ಹುಟ್ಟುಹಾಕಿದ್ದು ಯಾವ ಶ್ರೀಮಂತನೂ ಅಲ್ಲ, ಒಬ್ಬ ಮೇಷ್ಟ್ರು ಮತ್ತು ಅವರ ವಿದ್ಯಾರ್ಥಿಗಳು. ಈ ಕಥೆ ನಮ್ಮ ಸಂಘದ ಸಂಚಿಕೆಗೆ ಸರಿಹೋಗುತ್ತೆ ಅಂತ ಅನ್ನಿಸಿದ್ದೇ ಆ ಕಾರಣಕ್ಕೆ.

ಹವ್ಯಾಸಿ ಅಂದರೆ ಏನು?

ಮೊದಲು ಇಲ್ಲಿನ ಫುಟ್‌ಬಾಲ್ ವ್ಯವಸ್ಥೆ ಹೇಗಿದೆ ಅಂತ ಹೇಳಿಬಿಡ್ತೀನಿ. ಇದು ಒಂದು ಏಣಿ. ಮೇಲಿನ ಮೆಟ್ಟಿಲು ಸೀರಿ ಎ, ಅದರಲ್ಲಿ 20 ತಂಡ. ಅದರ ಕೆಳಗೆ ಸೀರಿ ಬಿ, ಅದರಲ್ಲೂ 20. ಆಮೇಲೆ ಸೀರಿ ಸಿ, ಮೂರು ಗುಂಪುಗಳಲ್ಲಿ 60 ತಂಡ. ಅಲ್ಲಿಗೆ ನೂರು ತಂಡ ಆಯ್ತು. ವೃತ್ತಿಪರ ಫುಟ್‌ಬಾಲ್ ಅಲ್ಲಿಗೆ ಮುಗೀತು.

ಅದರ ಕೆಳಗಿರುವುದೆಲ್ಲ ಹವ್ಯಾಸಿ. ಸೀರಿ ಡಿ, ಎಚ್ಚೆಲ್ಲೆಂತ್ಸಾ, ಪ್ರೊಮೊತ್ಸಿಯೊನೆ, ಪ್ರೀಮಾ ಕತೆಗೊರಿಯಾ, ಸೆಕೊಂದಾ ಕತೆಗೊರಿಯಾ, ಕಟ್ಟಕಡೆಗೆ ತೆರ್ತ್ಸಾ ಕತೆಗೊರಿಯಾ. ಒಟ್ಟು ಒಂಬತ್ತು ಮೆಟ್ಟಿಲು. ಕೆಳಗಿನ ಆರನ್ನು ನೋಡಿಕೊಳ್ಳೋದು 1959ರಲ್ಲಿ ಶುರುವಾದ ಲೆಗಾ ನತ್ಸಿಯೊನಾಲೆ ದಿಲೆತ್ತಾಂತಿ, ಅಂದರೆ ರಾಷ್ಟ್ರೀಯ ಹವ್ಯಾಸಿ ಲೀಗ್. ಮೇಲಿನ ಸಾಲಿನವರು ಮೇಲಕ್ಕೆ ಹತ್ತುತ್ತಾರೆ, ಕೊನೆಯವರು ಕೆಳಕ್ಕೆ ಇಳೀತಾರೆ. ಲೆಕ್ಕದ ಪ್ರಕಾರ ನಮ್ಮ ಹಾಸ್ಟೆಲಿನ ಹುಡುಗರು ಒಂದು ಕ್ಲಬ್ ನೋಂದಾಯಿಸಿ ತೆರ್ತ್ಸಾ ಕತೆಗೊರಿಯಾಕ್ಕೆ ಸೇರಿ, ಪ್ರತಿ ವರ್ಷ ಗೆಲ್ತಾ ಹೋದರೆ, ಎಂಟು ವರ್ಷದ ನಂತರ ಸ್ಯಾನ್ ಸಿರೊದಲ್ಲಿ ಇಂಟರ್ ಮಿಲಾನ್ ಎದುರು ಆಡಬಹುದು. ಲೆಕ್ಕದ ಪ್ರಕಾರ ಮಾತ್ರ!

‘ದಿಲೆತ್ತಾಂತೆ’ ಅನ್ನೋ ಇಟಾಲಿಯನ್ ಪದದ ಬೇರು ‘ಸಂತೋಷಪಡು’ ಅನ್ನೋ ಕ್ರಿಯಾಪದ. ಸಂತೋಷಕ್ಕೋಸ್ಕರ ಮಾಡುವವನು ಅಂತ ಅರ್ಥ. ನಮಗೆ ಇದು ಹೊಸದಲ್ಲ. ವೃತ್ತಿ ನಾಟಕ ಕಂಪನಿ ಬೇರೆ, ಹವ್ಯಾಸಿ ನಾಟಕ ತಂಡ ಬೇರೆ ಅಂತ ನಾವು ಹೇಳೋದಿಲ್ವಾ? ಹಗಲು ಬ್ಯಾಂಕಿನಲ್ಲಿ ಕೆಲಸ, ಸಂಜೆ ರಿಹರ್ಸಲ್. ಹಾಗೇ ಇಲ್ಲಿಯೂ. ಹಗಲು ಎಲೆಕ್ಟ್ರಿಷಿಯನ್ನೋ ಗುಮಾಸ್ತನೋ ಆಗಿರುವವನು ಸಂಜೆ ಅಭ್ಯಾಸಕ್ಕೆ ಬರ್ತಾನೆ, ಭಾನುವಾರ ಮಧ್ಯಾಹ್ನ ಆಡ್ತಾನೆ. ಸೀರಿ ಡಿಯಂಥ ಮೇಲಿನ ಹಂತಗಳಲ್ಲಿ ಒಂದಷ್ಟು ದುಡ್ಡೂ ಸಿಗುತ್ತೆ. ಕೆಳಗೆ ಇಳಿದಷ್ಟೂ ಅದು ಪೆಟ್ರೋಲ್ ಖರ್ಚಿಗೆ ಬಂದು ನಿಲ್ಲುತ್ತೆ. ಜೊತೆಗೆ ಈ ಲೀಗುಗಳಲ್ಲಿ ಒಂದು ಒಳ್ಳೆ ನಿಯಮ ಇದೆ: ನಿಗದಿತ ವಯಸ್ಸಿಗಿಂತ ಚಿಕ್ಕ ಹುಡುಗರು ಇಷ್ಟು ಜನ ಮೈದಾನದಲ್ಲಿ ಇರಲೇಬೇಕು. ಎಷ್ಟು ಜನ ಅನ್ನೋದು ಲೀಗಿನಿಂದ ಲೀಗಿಗೆ ಬದಲಾಗುತ್ತೆ.

ಹವ್ಯಾಸಿ ಅಂದರೆ ಬರೀ ಚಿಲ್ಲರೆ ತಂಡಗಳು ಅಂದುಕೋಬೇಡಿ. ಇಟಲಿಯಲ್ಲಿ ದೊಡ್ಡ ಕ್ಲಬ್ ದಿವಾಳಿಯಾದರೆ ಅದೇ ಊರಿನ ಹೆಸರಲ್ಲಿ ಹೊಸ ಕ್ಲಬ್ ಕಟ್ಟಿ ಕೆಳಗಿನಿಂದ ಶುರುಮಾಡ್ತಾರೆ. ಯುರೋಪಿನ ಕಪ್‌ಗಳನ್ನು ಗೆದ್ದಿದ್ದ ಪಾರ್ಮಾ 2015ರಲ್ಲಿ ಸೀರಿ ಡಿಯಿಂದ ಶುರುಮಾಡಿ, ಮೂರೇ ವರ್ಷದಲ್ಲಿ ಸೀರಿ ಎಗೆ ವಾಪಸ್ ಬಂತು. ಬಾರಿ, ಪಲೆರ್ಮೊ ಕೂಡ ಸೀರಿ ಡಿ ನೋಡಿ ಬಂದಿವೆ. ಇನ್ನೊಂದು ವಿಷಯ: ಇಲ್ಲಿನ ಮಹಿಳೆಯರ ಸೀರಿ ಎ ಕೂಡ 2022ರ ಜುಲೈವರೆಗೆ ಕಾನೂನಿನ ಪ್ರಕಾರ ಹವ್ಯಾಸಿಯೇ ಆಗಿತ್ತು.

ಗದ್ದೆಗಳ ನಡುವೆ

ಕಸಾಲೆಗೆ ಹೋಗೋಣ ಅಂದಿದ್ದು ನನ್ನ ಕ್ಲಾಸಿನ ಒಬ್ಬ ಹುಡುಗ. ಅವನ ಊರು ಪಕ್ಕದ ವೆರ್ಚೆಲ್ಲಿ. ಭಾನುವಾರ ಬಸ್ಸು ಕಡಿಮೆ, ಹಾಗಾಗಿ ನಾನು ಟ್ಯೂರಿನ್‌ನಿಂದ ರೈಲಿನಲ್ಲಿ ವೆರ್ಚೆಲ್ಲಿಗೆ ಹೋದೆ, ಅಲ್ಲಿಂದ ಅವನ ಅಪ್ಪನ ಹಳೇ ಕಾರಿನಲ್ಲಿ ಕಸಾಲೆಗೆ.

ದಾರಿಯ ಎರಡೂ ಕಡೆ ಏನಿತ್ತು ಗೊತ್ತಾ? ಭತ್ತದ ಗದ್ದೆ! ಕಣ್ಣು ಹಾಯಿಸಿದಷ್ಟು ದೂರ ಬದು, ಕಾಲುವೆ, ತೂಬು. ವೆರ್ಚೆಲ್ಲಿ ಯುರೋಪಿನ ಭತ್ತದ ಕಣಜ ಅಂತ ನನಗೆ ಗೊತ್ತೇ ಇರಲಿಲ್ಲ. ಮಾರ್ಚ್‌ನಲ್ಲಿ ಗದ್ದೆ ಒಣಗಿತ್ತು. ಏಪ್ರಿಲ್ ಬಂದರೆ ನೀರು ಕಟ್ಟುತ್ತಾರಂತೆ. ಭದ್ರಾ ಅಚ್ಚುಕಟ್ಟಿನಲ್ಲಿ ಬೆಳೆದ ನನಗೆ ಒಂದೂವರೆ ವರ್ಷದಲ್ಲಿ ಮೊದಲ ಸಲ ಇಟಲಿ ಪರಿಚಯದ ಜಾಗದ ಹಾಗೆ ಕಾಣಿಸಿತು.

‘ಕಸಾಲೆಯವರ ಮ್ಯಾಚಿಗೆ ನಿನ್ನನ್ನ ಕರ್ಕೊಂಡು ಹೋಗ್ತಿದ್ದೀನಿ ಅಂತ ನಮ್ಮಪ್ಪಂಗೆ ಹೇಳಬೇಡ’ ಅಂದ ನನ್ನ ಗೆಳೆಯ. ಅರ್ಧ ತಮಾಷೆ, ಅರ್ಧ ನಿಜ. ಯಾಕಂದರೆ ಈ ಎರಡು ಊರುಗಳ ಜಗಳ ನೂರು ವರ್ಷಕ್ಕಿಂತ ಹಳೆಯದು. ಮಿಲಾನ್, ಟ್ಯೂರಿನ್‌ನಂಥ ದೊಡ್ಡ ನಗರಗಳ ಕ್ಲಬ್‌ಗಳು ಇನ್ನೂ ತಡವರಿಸುತ್ತಿದ್ದ ಕಾಲದಲ್ಲಿ ಇಟಲಿಯ ಫುಟ್‌ಬಾಲನ್ನು ಆಳಿದ್ದು ಪ್ರೊ ವೆರ್ಚೆಲ್ಲಿ. 1908ರಿಂದ 1922ರ ನಡುವೆ ಏಳು ಸಲ ಚಾಂಪಿಯನ್. ಅವರದು ಬಿಳಿ ಅಂಗಿ. ಅದಕ್ಕೇ ಕಸಾಲೆಯವರು ಹಟಕ್ಕೆ ಬಿದ್ದು ಕಪ್ಪು ಅಂಗಿ ಹಾಕಿಕೊಂಡರು, ಎದೆಯ ಮೇಲೆ ಒಂದು ಬಿಳಿ ನಕ್ಷತ್ರ ಇಟ್ಟುಕೊಂಡರು. ಇವತ್ತಿಗೂ ಅವರ ಅಡ್ಡಹೆಸರು ‘ನೆರೊಸ್ತೆಲ್ಲಾತಿ’, ಅಂದರೆ ಕಪ್ಪು ಅಂಗಿಯ ನಕ್ಷತ್ರದವರು.

ಒಬ್ಬ ಮೇಷ್ಟ್ರು, ಒಂದಷ್ಟು ಹುಡುಗರು

ಕ್ಲಬ್ ಹುಟ್ಟಿದ್ದು 1909ರ ಡಿಸೆಂಬರ್‌ನಲ್ಲಿ. ಜಾಗ ಯಾವುದು ಅಂದ್ರೆ ಲೆಯಾರ್ದಿ ಅನ್ನೋ ತಾಂತ್ರಿಕ ಶಾಲೆಯ ಒಂದು ಕ್ಲಾಸ್‌ರೂಮ್. ಅಲ್ಲಿ ಪಾಠ ಹೇಳುತ್ತಿದ್ದ ರಫಾಯೆಲೆ ಯಾಫೆ ಅನ್ನೋ ಮೇಷ್ಟ್ರು ತಮ್ಮ ವಿದ್ಯಾರ್ಥಿಗಳನ್ನು ಸೇರಿಸಿಕೊಂಡು ತಂಡ ಕಟ್ಟಿದರು. ಮುಂದೆ ಅಧ್ಯಕ್ಷರೂ ಅವರೇ ಆದರು.

ಮೂರೂವರೆ ವರ್ಷದಲ್ಲಿ, 1913ರ ಮೇ ತಿಂಗಳಲ್ಲಿ, ಇಂಗ್ಲೆಂಡಿನ ರೆಡಿಂಗ್ ಅನ್ನೋ ವೃತ್ತಿಪರ ತಂಡ ಇಟಲಿ ಪ್ರವಾಸಕ್ಕೆ ಬಂತು. ಆಗ ಇಂಗ್ಲಿಷರೆಂದರೆ ಫುಟ್‌ಬಾಲಿನ ಗುರುಗಳು. ರೆಡಿಂಗ್‌ನವರು ಮಿಲಾನ್‌ಗೆ 5-0 ಹೊಡೆದರು. ಚಾಂಪಿಯನ್ ಪ್ರೊ ವೆರ್ಚೆಲ್ಲಿಗೆ 6-0. ಇಟಲಿಯ ರಾಷ್ಟ್ರೀಯ ತಂಡಕ್ಕೂ 2-0. ಇಡೀ ಪ್ರವಾಸದಲ್ಲಿ ಅವರು ಸೋತಿದ್ದು ಒಂದೇ ಮ್ಯಾಚ್. ಕಸಾಲೆಯಲ್ಲಿ, 2-1. ಇಂಗ್ಲಿಷ್ ವೃತ್ತಿಪರ ತಂಡವನ್ನು ಸೋಲಿಸಿದ ಮೊದಲ ಇಟಾಲಿಯನ್ ಕ್ಲಬ್ ಒಬ್ಬ ಮೇಷ್ಟ್ರು ಕಟ್ಟಿದ ಈ ತಂಡ. ಲಗಾನ್ ಸಿನಿಮಾ ನೆನಪಾಯ್ತಾ? ನನಗೂ ಅದೇ ನೆನಪಾಗಿದ್ದು. ಆದರೆ ಇದು ನಿಜವಾಗಿ ನಡೆದದ್ದು.

ಮರುವರ್ಷ, 1914ರ ಜುಲೈನಲ್ಲಿ, ರಾಷ್ಟ್ರೀಯ ಚಾಂಪಿಯನ್‌ಶಿಪ್‌ನ ಫೈನಲ್. ಎದುರಾಳಿ ರೋಮ್‌ನ ಲಾತ್ಸಿಯೊ. ತವರಿನಲ್ಲಿ 7-1, ರೋಮ್‌ನಲ್ಲಿ 2-0. ಕಸಾಲೆ ಇಟಲಿಯ ಚಾಂಪಿಯನ್ ಆಯ್ತು. ಆಮೇಲೆ ಮೂರು ವಾರವೂ ಕಳೆದಿರಲಿಲ್ಲ, ಮೊದಲ ಮಹಾಯುದ್ಧ ಶುರುವಾಯ್ತು. ಅಂಥ ಗೆಲುವು ಮತ್ತೆ ಬರಲಿಲ್ಲ. 1930ರಿಂದ 1934ರವರೆಗೆ ನಾಲ್ಕು ಸೀಸನ್ ಸೀರಿ ಎಯಲ್ಲಿ ಆಡಿದರು. ಅದಾದ ಮೇಲೆ ಇವತ್ತಿನವರೆಗೆ ಸೀರಿ ಎ ಮುಖ ನೋಡಿಲ್ಲ. ಕ್ಲಬ್ ಒಂದಕ್ಕಿಂತ ಹೆಚ್ಚು ಸಲ ಮುಚ್ಚಿ, ಮತ್ತೆ ತೆರೆದಿದೆ.

ಯಾಫೆ ಮೇಷ್ಟ್ರು ಏನಾದರು ಅಂತ ನಾನು ಕಾರಿನಲ್ಲಿ ಕೇಳಿದೆ. ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಹೇಳಿದ. ಅವರು ಯಹೂದಿ ಕುಟುಂಬದಲ್ಲಿ ಹುಟ್ಟಿದವರು. 1938ರಲ್ಲಿ ಮುಸೊಲಿನಿಯ ಸರ್ಕಾರ ಜನಾಂಗೀಯ ಕಾನೂನು ತಂದಿತು. ಅದಕ್ಕೂ ಮೊದಲೇ ಅವರು ಕ್ಯಾಥೊಲಿಕ್ ಆಗಿದ್ದರು, ಆದರೆ ಹುಟ್ಟನ್ನು ಮಾತ್ರ ನೋಡುವ ಕಾನೂನಿಗೆ ಅದು ಲೆಕ್ಕಕ್ಕೇ ಬರಲಿಲ್ಲ. 1944ರಲ್ಲಿ ಬಂಧಿಸಿದರು. ಫೊಸ್ಸೊಲಿ ಅನ್ನೋ ಶಿಬಿರದಲ್ಲಿಟ್ಟು, ಅಲ್ಲಿಂದ ಆಶ್‌ವಿಟ್ಜ್‌ಗೆ ಸಾಗಿಸಿದರು. ಅದೇ ವರ್ಷ ಆಗಸ್ಟ್‌ನಲ್ಲಿ ಅಲ್ಲಿ ಕೊಂದರು. ಇಟಲಿಗೆ ಒಂದು ಚಾಂಪಿಯನ್ ತಂಡ ಕೊಟ್ಟ ಮನುಷ್ಯ ಅವರು.

ಗೇಟಿನ ಒಳಗೆ

ಮೈದಾನದ ಹೆಸರು ನತಾಲೆ ಪಾಲ್ಲಿ ಸ್ಟೇಡಿಯಂ. ನತಾಲೆ ಪಾಲ್ಲಿ ಆಟಗಾರ ಅಲ್ಲ, ಕಸಾಲೆಯಲ್ಲಿ ಹುಟ್ಟಿದ ಪೈಲಟ್. 1918ರ ಆಗಸ್ಟ್ 9ರಂದು ಇಟಲಿಯ ವಿಮಾನಗಳು ಶತ್ರುರಾಜಧಾನಿ ವಿಯೆನ್ನಾದ ಮೇಲೆ ಹಾರಿ, ಬಾಂಬಿನ ಬದಲು ಕರಪತ್ರ ಉದುರಿಸಿ ಬಂದಿದ್ದವು. ಕವಿ ದನ್ನುಂತ್ಸಿಯೊ ಕೂತಿದ್ದ ವಿಮಾನವನ್ನು ಓಡಿಸಿದ್ದು ಇದೇ ಪಾಲ್ಲಿ. ಮರುವರ್ಷ ಆಲ್ಪ್ಸ್ ಪರ್ವತದಲ್ಲಿ ವಿಮಾನ ಇಳಿಸಬೇಕಾಗಿ ಬಂದು, ಹಿಮದಲ್ಲಿ ನಡೆಯುತ್ತಾ ಸತ್ತ. ಆಗ ಅವನಿಗೆ ನನ್ನಷ್ಟೇ ವಯಸ್ಸು.

ದೊಡ್ಡ ಸ್ಟೇಡಿಯಂಗೆ ಹೋಗೋದಾದರೆ ಟಿಕೆಟಿನ ಮೇಲೆ ಹೆಸರು ಇರಬೇಕು, ಗುರುತಿನ ಚೀಟಿ ತೋರಿಸಬೇಕು, ತಪಾಸಣೆ ದಾಟಬೇಕು. ಇಲ್ಲಿ ಗೇಟಿನ ಹತ್ತಿರ ಕೂತಿದ್ದ ಒಬ್ಬರಿಗೆ ಕೆಲವು ಯೂರೋ ಕೊಟ್ಟೆವು, ಒಳಗೆ ಬಿಟ್ಟರು. ಹಿಂದೆಯೇ ಬಂದ ಒಬ್ಬ ಅಜ್ಜಿ ದುಡ್ಡೂ ಕೊಡಲಿಲ್ಲ, ಟಿಕೆಟ್ಟೂ ತಗೊಳ್ಳಲಿಲ್ಲ. ಬದಲಿಗೆ ಒಂದು ಡಬ್ಬಿ ಕೊಟ್ಟರು. ಡಬ್ಬಿಯಲ್ಲಿ ಕ್ರುಮಿರಿ ಇತ್ತು. ಕ್ರುಮಿರಿ ಅಂದರೆ ಈ ಊರಿನ ಬಿಸ್ಕತ್ತು, 1878ರಲ್ಲಿ ಇಲ್ಲೇ ಹುಟ್ಟಿದ್ದು. ಬಾಗಿದ ಆಕಾರ, ಆಗಷ್ಟೇ ತೀರಿಕೊಂಡಿದ್ದ ರಾಜ ಎರಡನೇ ವಿತ್ತೊರಿಯೊ ಎಮಾನುಯೆಲೆಯ ಮೀಸೆಯ ಹಾಗೆ ಅಂತ ಹೇಳ್ತಾರೆ. ಧಾರವಾಡಕ್ಕೆ ಪೇಡ ಹೇಗೋ ಕಸಾಲೆಗೆ ಕ್ರುಮಿರಿ ಹಾಗೆ.

ಚಾವಣಿ ಇರುವ ಸ್ಟ್ಯಾಂಡಿನಲ್ಲಿ ಕೂತೆವು. ಮಧ್ಯಾಹ್ನ ಎರಡೂವರೆಗೆ ಮ್ಯಾಚ್ ಶುರು. ಇಷ್ಟು ಹತ್ತಿರದಿಂದ ಫುಟ್‌ಬಾಲ್ ನೋಡಿದರೆ ಏನು ವ್ಯತ್ಯಾಸ ಅಂತ ಹೇಳ್ತೀನಿ. ಟಿವಿಯಲ್ಲಿ ಶಬ್ದ ಅಂದರೆ ಜನರ ಕೂಗು, ಕಾಮೆಂಟರಿ. ಇಲ್ಲಿ ಚೆಂಡು ಒದ್ದ ಶಬ್ದ ಕೇಳುತ್ತೆ, ಇಬ್ಬರು ಡಿಕ್ಕಿ ಹೊಡೆದರೆ ಉಸಿರು ಬಿಟ್ಟಿದ್ದು ಕೇಳುತ್ತೆ, ಗೋಲ್‌ಕೀಪರ್ ತನ್ನ ಡಿಫೆಂಡರ್‌ಗೆ ಬಯ್ಯೋದು ಒಂದೊಂದು ಅಕ್ಷರವೂ ಕೇಳುತ್ತೆ. ನನ್ನ ಇಟಾಲಿಯನ್ ಎ2 ಪರೀಕ್ಷೆಯಲ್ಲಿ ಬಾರದ ಹಲವು ಪದಗಳನ್ನು ಆ ತೊಂಬತ್ತು ನಿಮಿಷದಲ್ಲಿ ಕಲಿತೆ. ಇಲ್ಲಿ ಬರೆಯೋ ಹಾಗಿಲ್ಲ.

ರೆಫ್ರಿಗೆ ನಮ್ಮಷ್ಟೇ ವಯಸ್ಸು ಇರಬಹುದು. ಪಾಪ, ಎಲ್ಲರೂ ಅವನಿಗೇ ಬಯ್ಯುತ್ತಿದ್ದರು. ಇಲ್ಲಿ ಕನಿಷ್ಠ ಅವನ ಜೊತೆ ಇಬ್ಬರು ಲೈನ್ಸ್‌ಮನ್ ಇದ್ದರು. ಪ್ರೀಮಾ ಕತೆಗೊರಿಯಾ ಮತ್ತು ಅದರ ಕೆಳಗೆ ಸಾಮಾನ್ಯವಾಗಿ ರೆಫ್ರಿ ಒಬ್ಬನೇ ಬರ್ತಾನಂತೆ, ಬಾವುಟ ಹಿಡಿಯಲು ಎರಡೂ ಕ್ಲಬ್‌ನವರು ತಮ್ಮ ತಮ್ಮವರನ್ನೇ ನಿಲ್ಲಿಸಬೇಕಂತೆ. ನಮ್ಮ ಗಲ್ಲಿ ಕ್ರಿಕೆಟ್‌ನಲ್ಲಿ ಬ್ಯಾಟಿಂಗ್ ಟೀಮಿನವನೇ ಅಂಪೈರ್ ಆಗ್ತಿದ್ದ ಹಾಗೆ.

ಆಟ ಹೇಗಿತ್ತು? ಸುಳ್ಳು ಹೇಳಲ್ಲ, ಸಾಧಾರಣ. ಮೊದಲ ಅರ್ಧದಲ್ಲಿ ಎದುರಾಳಿಗಳು ಒಂದು ಗೋಲ್ ಹೊಡೆದರು. ಎರಡನೇ ಅರ್ಧದಲ್ಲಿ ಕಾರ್ನರ್‌ನಿಂದ ಬಂದ ಚೆಂಡು ಯಾರ ತಲೆಗೋ ಯಾರ ಭುಜಕ್ಕೋ ತಾಗಿ ಒಳಗೆ ಹೋಯ್ತು. 1-1. ಆದರೆ ಆ ಗೋಲಿಗೆ ನಾನು ಎದ್ದು ಕೂಗಿದೆ. ಅರ್ಧ ಗಂಟೆ ಮೊದಲು ಆ ಹನ್ನೊಂದು ಜನರಲ್ಲಿ ಒಬ್ಬನ ಹೆಸರೂ ಗೊತ್ತಿರಲಿಲ್ಲ ನನಗೆ.

ಪಕ್ಕದ ಖಾಲಿ ಜಾಗ

ನಮ್ಮ ಮುಂದಿನ ಸಾಲಿನಲ್ಲಿ ಒಬ್ಬ ಅಜ್ಜ ಕೂತಿದ್ದರು. ಕುತ್ತಿಗೆಗೆ ಕಪ್ಪು ಬಿಳಿ ಶಾಲು. ವಿರಾಮದಲ್ಲಿ ತಿರುಗಿ ನೋಡಿ, ಎಲ್ಲಿಂದ ಬಂದಿದ್ದು ಅಂತ ಕೇಳಿದರು. ಇಂಡಿಯಾ ಅಂದೆ. ‘ಇಷ್ಟು ದೂರದಿಂದ ಇವರ ಆಟ ನೋಡೋಕೆ ಬಂದ್ಯಾ? ಅಯ್ಯೋ ಪಾಪ’ ಅಂದರು. ಎಲ್ಲರೂ ನಕ್ಕೆವು.

ಅವರೇ ಕಲಿಗಾರಿಸ್ ಕಥೆ ಹೇಳಿದ್ದು. ಉಂಬೆರ್ತೊ ಕಲಿಗಾರಿಸ್ 1901ರಲ್ಲಿ ಇದೇ ಊರಲ್ಲಿ ಹುಟ್ಟಿದವರು, ಇದೇ ಕ್ಲಬ್‌ನಲ್ಲಿ ಶುರುಮಾಡಿ ಯುವೆಂಟಸ್‌ಗೆ ಹೋದವರು. ಸತತ ಐದು ಸಲ ಲೀಗ್ ಗೆದ್ದ ಯುವೆಂಟಸ್‌ನ ಡಿಫೆಂಡರ್. 1934ರಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲೂ ಇದ್ದರು. ಇಟಲಿಗೆ 59 ಪಂದ್ಯ ಆಡಿದ ಅವರ ದಾಖಲೆ 1971ರವರೆಗೆ ಉಳಿದಿತ್ತು. 1934 ಮತ್ತು 1938, ಎರಡೂ ವಿಶ್ವಕಪ್ ಗೆದ್ದ ಎರಾಲ್ದೊ ಮೊನ್ಜೆಲ್ಯೊ ಕೂಡ ಇದೇ ಸೀಮೆಯವರು, ಇದೇ ಕಪ್ಪು ಅಂಗಿಯಲ್ಲಿ ಶುರುಮಾಡಿದವರು. ಅಜ್ಜ ಇದನ್ನೆಲ್ಲ ಹೇಳುವ ಧಾಟಿ ನನಗೆ ಚೆನ್ನಾಗಿ ಗೊತ್ತಿತ್ತು. ನಮ್ಮೂರು ಭದ್ರಾವತಿಯಲ್ಲಿ ‘ಜಿ. ಆರ್. ವಿಶ್ವನಾಥ್ ನಮ್ಮೂರಿನವರು ಕಣಪ್ಪ’ ಅಂತ ಹೇಳುವಾಗ ಬರುವ ಧಾಟಿ ಅದು.

ನಮ್ಮೂರು ಕಬ್ಬಿಣದ ಕಾರ್ಖಾನೆಯ ಊರು ಅಂತ ಹೇಳಿದೆ. ಅಜ್ಜ ತಲೆ ಆಡಿಸಿದರು. ಆಮೇಲೆ ತಮ್ಮ ಪಕ್ಕದ ಖಾಲಿ ಜಾಗದ ಮೇಲೆ ಕೈ ಇಟ್ಟು, ‘ನಮ್ಮದೂ ಕಾರ್ಖಾನೆ ಊರು. ಇಲ್ಲಿ ನನ್ನ ಗೆಳೆಯ ಕೂರುತ್ತಿದ್ದ, ನಲವತ್ತು ವರ್ಷ. ಅವನು ಬೇಕರಿಯವನು. ಕಾರ್ಖಾನೆಯ ಒಳಗೆ ಒಂದು ದಿನವೂ ಕಾಲಿಟ್ಟವನಲ್ಲ. ಆದರೂ ಆ ಧೂಳೇ ಅವನನ್ನ ತಗೊಂಡು ಹೋಯ್ತು’ ಅಂದರು. ಅಷ್ಟರಲ್ಲಿ ಎರಡನೇ ಅರ್ಧ ಶುರುವಾಯ್ತು. ಅವರು ಮೈದಾನದ ಕಡೆ ತಿರುಗಿ ರೆಫ್ರಿಗೆ ಬಯ್ಯೋಕೆ ಶುರುಮಾಡಿದರು.

ಯಾವ ಧೂಳು ಅಂತ ನನಗೆ ಆಗ ಗೊತ್ತಾಗಲಿಲ್ಲ. ಮ್ಯಾಚ್ ಮುಗಿದ ಮೇಲೆ ಗೆಳೆಯ ಕಾರನ್ನು ರೊಂಜೊನೆ ಅನ್ನೋ ಬಡಾವಣೆಯ ಕಡೆ ತಿರುಗಿಸಿದ. ಅಲ್ಲಿ ಒಂದು ವಿಶಾಲವಾದ ಪಾರ್ಕ್. ಮಕ್ಕಳು ಸೈಕಲ್ ಹೊಡೀತಿದ್ದರು. 1907ರಿಂದ 1986ರವರೆಗೆ ಅಲ್ಲಿ ಎಟರ್ನಿಟ್ ಕಾರ್ಖಾನೆ ಇತ್ತು. ಸಿಮೆಂಟಿಗೆ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಬೆರೆಸಿ ಶೀಟು, ಪೈಪು ಮಾಡುವ ಕಾರ್ಖಾನೆ. ಕಲ್ನಾರಿನ ಎಳೆಗಳು ಕಣ್ಣಿಗೆ ಕಾಣದಷ್ಟು ಸಣ್ಣ. ಉಸಿರಿನ ಜೊತೆ ಒಳಗೆ ಹೋಗಿ ಅಲ್ಲೇ ಉಳಿಯುತ್ತವೆ. ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಏನೂ ಗೊತ್ತಾಗಲ್ಲ. ಆಮೇಲೆ ಶ್ವಾಸಕೋಶದ ಹೊರಪೊರೆಗೆ ಕ್ಯಾನ್ಸರ್ ಬರುತ್ತೆ. ಅದರ ಹೆಸರು ಮೆಸೊಥೆಲಿಯೋಮಾ. ಕಾರ್ಮಿಕರಿಗೆ ಮಾತ್ರ ಬಂದಿದ್ದಲ್ಲ. ಅವರ ಬಟ್ಟೆ ಒಗೆದ ಹೆಂಡತಿಯರಿಗೆ ಬಂತು. ಕಾರ್ಖಾನೆಯಲ್ಲಿ ಉಳಿದ ಪುಡಿಯನ್ನು ಜನ ಅಂಗಳಕ್ಕೆ, ಅಟ್ಟಕ್ಕೆ ಹಾಸಿಕೊಂಡಿದ್ದರು. ಹಾಗಾಗಿ ಕಾರ್ಖಾನೆ ಕಡೆ ತಲೆ ಹಾಕದವರಿಗೂ ಬಂತು. ಕಾರ್ಖಾನೆ ಮುಚ್ಚಿ ಇಷ್ಟು ವರ್ಷವಾದರೂ ಹೊಸ ರೋಗಿಗಳು ಬರುತ್ತಲೇ ಇದ್ದಾರೆ. ಇಟಲಿ 1992ರಲ್ಲಿ ಕಲ್ನಾರನ್ನು ನಿಷೇಧಿಸಿತು. ಟ್ಯೂರಿನ್‌ನ ಕೋರ್ಟಿನಲ್ಲಿ ದೊಡ್ಡ ಮೊಕದ್ದಮೆ ನಡೆದು 2012ರಲ್ಲಿ ಶಿಕ್ಷೆಯೂ ಆಯ್ತು. ಆದರೆ 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ಕಾಲಮಿತಿ ಮೀರಿದೆ ಅಂತ ಅದನ್ನು ರದ್ದು ಮಾಡಿತು.

ಎಟರ್ನಿಟ್ ಅನ್ನೋ ಹೆಸರು ಬಂದಿದ್ದು ಲ್ಯಾಟಿನ್‌ನ ‘ಶಾಶ್ವತ’ ಅನ್ನೋ ಪದದಿಂದ. ಕಾರ್ಖಾನೆ ಇದ್ದ ಜಾಗವನ್ನು ಶುದ್ಧಮಾಡಿ 2016ರಲ್ಲಿ ಪಾರ್ಕ್ ಮಾಡಿದಾಗ ಊರಿನವರು ಅದಕ್ಕೆ ‘ಎಟರ್ನಾಟ್’ ಅಂತ ಹೆಸರಿಟ್ಟರು. ಶಾಶ್ವತ ಅಲ್ಲ ಅಂತ.

ನಾನು ಸಿವಿಲ್ ಎಂಜಿನಿಯರಿಂಗ್ ಓದಿದವನು. ಕಲ್ನಾರು ಶೀಟಿನ ತೂಕ, ಇಳಿಜಾರು, ಬೆಲೆ ಎಲ್ಲ ಪರೀಕ್ಷೆಯಲ್ಲಿ ಬರೆದಿದ್ದೀನಿ. ನಮ್ಮ ಮನೆಯ ಹಿತ್ತಲಿನ ಬಚ್ಚಲುಮನೆಗೂ ಅದೇ ಸಿಮೆಂಟ್ ಶೀಟು. ಪಾರ್ಕಿನ ಬೆಂಚಿನ ಮೇಲೆ ಕೂತು ಅಮ್ಮನಿಗೆ ಫೋನ್ ಮಾಡಿದೆ. ಅಲ್ಲಿ ರಾತ್ರಿ ಒಂಬತ್ತೂಕಾಲು.

‘ಊಟ ಆಯ್ತೇನೋ?’

‘ಆಗುತ್ತೆ ಅಮ್ಮ. ಹಿತ್ತಲಿನ ಶೀಟು ಒಂದು ಕಡೆ ಒಡೆದಿತ್ತಲ್ಲ, ಏನ್ ಮಾಡಿದ್ರಿ?’

‘ನಿಮ್ಮಪ್ಪ ಆ ತುಂಡು ಕತ್ತರಿಸಿ ತೆಗೆದು ಬೇರೆ ಹಾಕಿಸ್ತೀನಿ ಅಂತಿದ್ರು. ಯಾಕೋ?’

ಕತ್ತರಿಸಬೇಡಿ, ಕೊರೆಯಬೇಡಿ, ಒಣ ಪೊರಕೆಯಲ್ಲಿ ಆ ಪುಡಿ ಗುಡಿಸಬೇಡಿ, ಮುಟ್ಟಲೇಬೇಕಾದರೆ ಮೊದಲು ನೀರು ಹಾಕಿ ನೆನೆಸಿ ಅಂತ ಹೇಳಿದೆ. ಗಟ್ಟಿಯಾಗಿರುವ ಶೀಟಿಗಿಂತ ಒಡೆದ, ಕತ್ತರಿಸಿದ, ಹಳತಾಗಿ ಉದುರುವ ಶೀಟೇ ಹೆಚ್ಚು ಅಪಾಯ. ಭಾರತದಲ್ಲಿ ಇದು ಇನ್ನೂ ನಿಷೇಧವಾಗಿಲ್ಲ. ನಿಮ್ಮ ಮನೆಯಲ್ಲೂ ಇರಬಹುದು. ಈ ಲೇಖನದಿಂದ ನೀವು ಒಂದೇ ಒಂದು ಸಂಗತಿ ನೆನಪಿಟ್ಟುಕೊಳ್ಳೋದಾದರೆ ಇದನ್ನ ಇಟ್ಟುಕೊಳ್ಳಿ, ಇವತ್ತೇ ಮನೆಗೆ ಫೋನ್ ಮಾಡಿ.

ನೀವೂ ಹೋಗುವುದಾದರೆ

ಇಟಲಿಯಲ್ಲಿ ನೀವು ಯಾವ ಊರಲ್ಲೇ ಇದ್ದರೂ ಹತ್ತಿರದಲ್ಲಿ ಒಂದು ಹವ್ಯಾಸಿ ಮೈದಾನ ಇದ್ದೇ ಇರುತ್ತೆ. ಕೆಲವು ಉಪಯೋಗದ ಮಾತು:

ಮ್ಯಾಚ್ ಸಾಮಾನ್ಯವಾಗಿ ಭಾನುವಾರ ಮಧ್ಯಾಹ್ನ. ಚಳಿಗಾಲದಲ್ಲಿ ಎರಡೂವರೆ ಹೊತ್ತಿಗೆ, ಬೇಸಿಗೆ ಹತ್ತಿರ ಬಂದ ಹಾಗೆ ಇನ್ನೂ ತಡವಾಗಿ. ಟುಟ್ಟೊಕಾಂಪೊ ಅನ್ನೋ ಆ್ಯಪ್‌ನಲ್ಲಿ ಕೆಳಗಿನ ಲೀಗುಗಳ ವೇಳಾಪಟ್ಟಿ ಸಿಗುತ್ತೆ. ಆದರೂ ಹೊರಡುವ ಮುನ್ನ ಕ್ಲಬ್‌ನವರ ಇನ್‌ಸ್ಟಾಗ್ರಾಂ ಒಮ್ಮೆ ನೋಡಿ, ಸಮಯ ಬದಲಾಗಿರಬಹುದು.

ವಾಪಸ್ ಬರುವ ಬಸ್ಸು, ರೈಲು ಮೊದಲೇ ನೋಡಿಕೊಳ್ಳಿ. ಭಾನುವಾರ ಸಣ್ಣ ಊರುಗಳಲ್ಲಿ ಬಸ್ಸಿಲ್ಲ ಅಂದರೆ ಇಲ್ಲವೇ ಇಲ್ಲ. ಆಟೋ ಹತ್ತೋಕೆ ಇದು ನಮ್ಮೂರಲ್ಲ.

ಚಿಲ್ಲರೆ ಯೂರೋ ಇಟ್ಟುಕೊಳ್ಳಿ. ಎಲ್ಲ ಕಡೆ ಕಾರ್ಡ್ ನಡೆಯುತ್ತೆ ಅಂತ ನಂಬಬೇಡಿ.

ತವರು ತಂಡದವರ ಜೊತೆಯೇ ಕೂರಿ, ಪಕ್ಕದಲ್ಲಿರುವ ಹಿರಿಯರನ್ನು ಮಾತಾಡಿಸಿ. ‘ಈ ಮೈದಾನಕ್ಕೆ ಈ ಹೆಸರು ಯಾಕೆ?’ ಅಂತ ಒಂದು ಪ್ರಶ್ನೆ ಕೇಳಿದರೆ ಸಾಕು. ಮ್ಯಾಚ್ ಚೆನ್ನಾಗಿಲ್ಲದಿದ್ದರೂ ನಿಮ್ಮ ಭಾನುವಾರ ವ್ಯರ್ಥ ಆಗಲ್ಲ.

ಕೊನೆಗೆ ಒಂದು ಮಾತು. ನಾವೆಲ್ಲ ಇಲ್ಲಿಗೆ ಎರಡು ವರ್ಷಕ್ಕೆ ಬಂದವರು. ನಮ್ಮ ಸಂಘದ ಪದಾಧಿಕಾರಿಗಳೂ ಎರಡು ವರ್ಷಕ್ಕೆ ಬದಲಾಗ್ತಾರೆ. ಪ್ರತಿ ಸಲ ರಾಜ್ಯೋತ್ಸವಕ್ಕೆ ಹಾಲ್ ಬುಕ್ ಮಾಡೋದು ಹೇಗೆ ಅಂತ ಮೊದಲಿಂದ ಕಲೀಬೇಕು. ‘ಇದೆಲ್ಲ ಯಾಕೆ, ಹೇಗೂ ಹೋಗಿಬಿಡ್ತೀವಿ’ ಅಂತ ನಾನೂ ಹೇಳಿದ್ದುಂಟು. 1909ರಲ್ಲಿ ಲೆಯಾರ್ದಿಯ ಆ ಕ್ಲಾಸ್‌ರೂಮಿನಲ್ಲಿ ಕೂತಿದ್ದ ಹುಡುಗರೂ ಒಂದೆರಡು ವರ್ಷದಲ್ಲಿ ಶಾಲೆ ಮುಗಿಸಿ ಹೋಗುವವರೇ. ಮೇಷ್ಟ್ರನ್ನು ಕೊಂದರು, ಎರಡು ಯುದ್ಧ ಆಯ್ತು, ಕ್ಲಬ್ಬಿಗೆ ಬೀಗ ಬಿತ್ತು, ಊರಿಗೆ ಧೂಳು ಬಡಿಯಿತು. ಆದರೂ ಮಾರ್ಚ್‌ನ ಆ ಭಾನುವಾರ ಗೇಟು ತೆರೆದಿತ್ತು, ಹನ್ನೊಂದು ಜನ ಅದೇ ಕಪ್ಪು ಅಂಗಿ ಹಾಕಿಕೊಂಡು ಒಂದು ಸಾಧಾರಣ ಮ್ಯಾಚ್ ಆಡಿದರು.

ಹೊರಡುವಾಗ ಅಜ್ಜ ಡಬ್ಬಿಯಲ್ಲಿ ಉಳಿದಿದ್ದ ಕ್ರುಮಿರಿಯನ್ನು ಟಿಶ್ಯೂನಲ್ಲಿ ಸುತ್ತಿ ನನ್ನ ಕೈಗಿಟ್ಟರು. ‘ಮುಂದಿನ ಸಲ ಗೆಲ್ತೀವಿ, ಬಾ’ ಅಂದರು. ಗದ್ದೆಗೆ ನೀರು ಬಿಟ್ಟ ಮೇಲೆ ಇನ್ನೊಂದು ಸಲ ಹೋಗಬೇಕು ಅಂತಿದ್ದೀನಿ. ಕಾರಿನಲ್ಲಿ ಮೂರು ಜನಕ್ಕೆ ಜಾಗ ಇದೆ. ಯಾರು ಬರ್ತೀರಾ, ಗ್ರೂಪಿನಲ್ಲಿ ಹೇಳಿ. ಪುಳಿಯೋಗರೆ ನಾನು ತರ್ತೀನಿ, ಆ ಡಬ್ಬಿ ಅಜ್ಜಿಗೆ ಏನಾದರೂ ವಾಪಸ್ ಕೊಡಬೇಕಲ್ಲ.